ಪಡುವಣ ಕಿಟಕಿಗೆ ಸನ್ ಫಿಲ್ಮ್

ಮನೆಯ ಕಿಟಕಿ ಗಾಜಿಗೆ ಸನ್ ಫಿಲ್ಮ್ ಅಂಟಿಸುವುದು ಲಾಭವೋ ದಂಡವೋ ಎಂಬುದು ಕಿಟಕಿಯ ದಿಕ್ಕನ್ನು ಅವಲಂಬಿಸಿದೆ. ಕರ್ನಾಟಕದಲ್ಲಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುವುದರಿಂದ ದಕ್ಷಿಣದ ಕಿಟಕಿಗೆ ಸಜ್ಜಾದ ನೆರಳೇ ಸಾಕು. ಪಡುವಣ ಕಿಟಕಿಯ ಪಾಡು ಬೇರೆ. ಸಂಜೆ ನಾಲ್ಕರ ಓರೆ ಬಿಸಿಲು ಸಜ್ಜಾದ ಅಡಿಯಿಂದ ನುಸುಳಿ ನೇರ ಹಾಸಿಗೆಯ ಮೇಲೆ ಬೀಳುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಅಂಥ ಕೋಣೆ ರಾತ್ರಿಯಾದರೂ ಬೇಗ ಆರುವುದಿಲ್ಲ. ಇಲ್ಲಿ ಫಿಲ್ಮ್‌ಗೆ ಹಾಕಿದ ದುಡ್ಡು ವ್ಯರ್ಥವಲ್ಲ. ಒಳ್ಳೆಯ ಫಿಲ್ಮ್ ಅತಿನೇರಳೆ ಕಿರಣಗಳನ್ನು ಶೇ. 99ರವರೆಗೂ ತಡೆಯುವುದರಿಂದ ಪರದೆ, ಸೋಫಾಗಳ ಬಣ್ಣ ಮಾಸುವುದೂ ನಿಧಾನವಾಗುತ್ತದೆ.

ಕಪ್ಪಾದಷ್ಟೂ ತಂಪು ಎಂಬ ನಂಬಿಕೆ ಮಾತ್ರ ತಪ್ಪು. ಕಡುಕಪ್ಪು ಅಗ್ಗದ ಫಿಲ್ಮ್ ಬಿಸಿಲನ್ನು ಹೀರಿ ಗಾಜನ್ನೇ ಕಾಯಿಸುತ್ತದೆ. ಅಂಚಿಗೆ ನೆರಳು, ನಡುವೆ ಬಿಸಿಲು ಬಿದ್ದರೆ ಗಾಜು ಸೀಳುವುದೂ ಉಂಟು. ಕೊಳ್ಳುವಾಗ ನೋಡಬೇಕಾದದ್ದು ಬಣ್ಣವನ್ನಲ್ಲ, ಬಿಸಿಲಿನ ಶಾಖವನ್ನು ಎಷ್ಟು ತಡೆಯುತ್ತದೆ ಎಂಬ ಅಂಕಿಯನ್ನು. ಕನ್ನಡಿ ಫಿಲ್ಮ್ ಹಗಲು ಮರೆ ಕೊಡುತ್ತದೆ, ರಾತ್ರಿ ಒಳಗೆ ದೀಪ ಹಾಕಿದರೆ ಹೊರಗಿನವರಿಗೆ ಎಲ್ಲ ಕಾಣುತ್ತದೆ. ತಾರಸಿ ಕಾಯುವ ಮೇಲಿನ ಮಹಡಿಗೆ ಫಿಲ್ಮ್‌ಗಿಂತ ಮೊದಲು ತಾರಸಿಗೆ ಬಿಳಿ ಸುಣ್ಣ ಬೇಕು. ಕಿಟಕಿಯ ಹೊರಗೆ ಬಿದಿರಿನ ತಟ್ಟಿ ಕಟ್ಟಲು ಜಾಗವಿದ್ದರಂತೂ ಅದೇ ಮೇಲು. ಬಿಸಿಲು ಗಾಜನ್ನು ಮುಟ್ಟುವ ಮೊದಲೇ ತಡೆಯುತ್ತದೆ.