ಅಪ್ಪನ ಎರಡೂವರೆ ಮನೆ

ಯುಗಾದಿಗೆ ಊರಿಗೆ ಹೋದಾಗ ಅಟ್ಟ ಗುಡಿಸ್ತಿದ್ದೆ. ಹಳೇ ಟ್ರಂಕಿನಲ್ಲಿ ಅಪ್ಪನ ಕ್ಲಾರಿಯೋನೆಟ್ ಸಿಕ್ಕಿತು. ಸುತ್ತಿದ ಬಟ್ಟೆ ಬಿಚ್ಚಿದರೆ ಮೇಲಿನ ತುಂಡು ಉದ್ದಕ್ಕೂ ಸೀಳಿತ್ತು. ಅಪ್ಪ ಅದನ್ನು ಕೈಗೆ ತಗೊಂಡು, ಸೀಳಿನ ಮೇಲೆ ಹೆಬ್ಬೆರಳು ಆಡಿಸಿ, "ಕೆಳಗಡೆ ಒಲೆ ಶಾಖ ಕಣವ್ವ. ಮರ ಅಲ್ವಾ" ಅಂದು ಮತ್ತೆ ಬಟ್ಟೆ ಸುತ್ತಿಟ್ಟರು. ಅಷ್ಟೇ. ಆದರೆ ರಾತ್ರಿ ಊಟಕ್ಕೆ ಕೂತಾಗ ಅವರ ಎಡಗೈ ಬೆರಳುಗಳು ಚೊಂಬಿನ ಮೇಲೆ ಏನನ್ನೋ ನುಡಿಸ್ತಿದ್ದವು.

ಅಪ್ಪ 25 ವರ್ಷ ಬ್ಯಾಂಡ್‌ಸೆಟ್‌ನಲ್ಲಿ ಊದಿದವರು. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ಊರಿನ ಸುತ್ತಮುತ್ತ ಮದುವೆ ಮೆರವಣಿಗೆ, ಗಣಪತಿ ಬಿಡೋದು, ಜಾತ್ರೆ ಅಂತ ವರ್ಷವೆಲ್ಲ ಓಡಾಟ. ಬೀರೂರಲ್ಲಿ ಹಳಿ ಕವಲೊಡೆದು ಒಂದು ತರೀಕೆರೆ ಕಡೆಗೆ, ಇನ್ನೊಂದು ಅಜ್ಜಂಪುರದ ಕಡೆಗೆ ಹೋಗುತ್ತಲ್ಲ, ಆ ಸ್ಟೇಷನ್ನಿನ ಬೆಂಚಿನ ಮೇಲೆ ಅವರು ಕಳೆದ ರಾತ್ರಿಗಳಿಗೆ ಲೆಕ್ಕವಿಲ್ಲ. ಡಿಜೆ ಬಂತು, ಸೆಟ್ಟು ಮುಚ್ಚಿತು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಗೆಳತಿಯ ಅಕ್ಕನ ಮದುವೆ ತರೀಕೆರೆಯಲ್ಲಿ. ಮೆರವಣಿಗೆ ಮುಂದೆ ಕೆಂಪು ಕೋಟು, ಭುಜದ ಮೇಲೆ ಜರಿ, ತಲೆಗೆ ಟೋಪಿ ಹಾಕಿಕೊಂಡು ಅಪ್ಪ ಊದ್ತಿದ್ದರು. ಕ್ಲಾಸಿನವರೆಲ್ಲ ಕುಣೀತಿದ್ದರು. ನಾನು ಜನರೇಟರ್ ಗಾಡಿ ಹಿಂದೆ ಹೋಗಿ ನಿಂತೆ. ಇವರು ನಮ್ಮಪ್ಪ ಅಂತ ಯಾರಿಗೂ ಗೊತ್ತಾಗೋದು ಬೇಡವಾಗಿತ್ತು.

ಇವತ್ತು ಬೆಂಗಳೂರಲ್ಲಿ ಸಂಬಳ ಬರ್ತಿದೆ. ಒಂದು ಕ್ಲಾರಿಯೋನೆಟ್ ಕೊಡಿಸೋಕೆ ಏನು ಕಷ್ಟ ಅಂದುಕೊಂಡೆ. ಬಸ್ಸಿನಲ್ಲಿ ಕೂತೇ ಫೋನಿನಲ್ಲಿ ಆರ್ಡರ್ ಮಾಡಿದೆ. 8,500 ರೂಪಾಯಿ, ಕಪ್ಪು ಪ್ಲಾಸ್ಟಿಕ್ಕು, ಹೊಳೆಯೋ ಕೀಗಳು. 'ಬಿ ಫ್ಲ್ಯಾಟ್, 17 ಕೀ' ಅಂತ ಬರೆದಿತ್ತು. ಅದರ ಅರ್ಥ ಏನು ಅಂತ ನಾನು ಯಾರನ್ನೂ ಕೇಳಲಿಲ್ಲ.

ಡಬ್ಬ ತೆಗೆದ ಅಪ್ಪ ಮೊದಲು ಹೇಳಿದ್ದು, "ಇದು ಉದ್ದ ಆಯ್ತಲ್ಲವ್ವ." ಅವರು ಜೀವಮಾನವಿಡೀ ಊದಿದ್ದು ಇ ಫ್ಲ್ಯಾಟ್. ಸುಮಾರು 49 ಸೆಂಟಿಮೀಟರ್, ಚೀಲದಲ್ಲಿ ಹಿಡಿಸುವಷ್ಟು. ನಾನು ತಂದದ್ದು 66 ಸೆಂಟಿಮೀಟರ್. ಒಂದೇ ಬೆರಳು ಹಾಕಿದರೂ ಎರಡರಲ್ಲಿ ಬೇರೆ ಬೇರೆ ಸ್ವರ. ನಮ್ಮ ಶ್ರುತಿಪೆಟ್ಟಿಗೆ ಲೆಕ್ಕದಲ್ಲಿ ಹೇಳೋದಾದರೆ ಇ ಫ್ಲ್ಯಾಟ್ ವಾದ್ಯದ ಸಿ ಬೆರಳಿಗೆ ಎರಡೂವರೆ ಮನೆ ಬರುತ್ತೆ, ಬಿ ಫ್ಲ್ಯಾಟಿನಲ್ಲಿ ಆರೂವರೆ ಮನೆ. ಹೋಗಲಿ ಅಂದರೆ ಕೀಗಳ ಜೋಡಣೆಯೂ ಬೇರೆ. ಅಪ್ಪನದು ಆಲ್ಬರ್ಟ್ ಅನ್ನೋ ಹಳೇ ಪದ್ಧತಿ, 13 ಕೀ. ಈಗ ಎಲ್ಲ ಕಡೆ ಸಿಗೋದು ಬೋಮ್ ಪದ್ಧತಿ. ಬಲಗೈ ತೋರುಬೆರಳು ಮುಚ್ಚಿದರೆ ಅಪ್ಪನದರಲ್ಲಿ ಬರೋ ಸ್ವರಕ್ಕೂ ಇದರಲ್ಲಿ ಬರೋ ಸ್ವರಕ್ಕೂ ಅರ್ಧ ಮನೆ ವ್ಯತ್ಯಾಸ. ಅರವತ್ತು ದಾಟಿದ ಬೆರಳುಗಳಿಗೆ ಹೊಸ ದಾರಿ ಹೇಳಿಕೊಡೋದು ಹೇಗೆ? ಎರಡು ದಿನ ಪ್ರಯತ್ನಪಟ್ಟು, "ಚೆನ್ನಾಗೈತೆ, ಇಟ್ಟಿರು" ಅಂದ್ರು. ಆ 'ಚೆನ್ನಾಗೈತೆ' ನನಗೆ ಚುಚ್ಚಿತು.

ಆಮೇಲೆ ನಿಜವಾಗಿ ಹುಡುಕೋಕೆ ಶುರು ಮಾಡಿದೆ. ಹೆಸರಾಂತ ಕಂಪನಿಗಳ ಹೊಸ ಇ ಫ್ಲ್ಯಾಟ್ ಲಕ್ಷ ದಾಟುತ್ತೆ. ಕಾರಣ ಇಷ್ಟೇ: ಪಶ್ಚಿಮದಲ್ಲಿ ಇದನ್ನ ಹೆಚ್ಚಾಗಿ ಕೊಳ್ಳೋರು ಆರ್ಕೆಸ್ಟ್ರಾ, ದೊಡ್ಡ ಬ್ಯಾಂಡುಗಳ ಕಲಾವಿದರು. ಕಲಿಯೋರೆಲ್ಲ ಬಿ ಫ್ಲ್ಯಾಟ್ ತಗೋತಾರೆ. ಹಾಗಾಗಿ ಇ ಫ್ಲ್ಯಾಟಿನಲ್ಲಿ ಅಗ್ಗದ, ನಂಬಬಹುದಾದ ಮಾದರಿಗಳು ಕಮ್ಮಿ. 1830ರಲ್ಲಿ ಫ್ರಾನ್ಸಿನ ಬರ್ಲಿಯೋಜ್ ತನ್ನ ಸಿಂಫನಿಯ ಕೊನೆಯಲ್ಲಿ ಮಾಟಗಾತಿಯರ ಕುಣಿತಕ್ಕೆ ಈ ವಾದ್ಯದ ಕಿರುಚು ದನಿಯನ್ನೇ ಬಳಸಿದ್ದ. ಆ ಕಿರುಚು ದನಿಯೇ ನಮ್ಮ ಬೀದಿ ಬ್ಯಾಂಡುಗಳಿಗೆ ಬೇಕಾಗಿದ್ದು. ಡ್ರಮ್ಮಿನ ಸದ್ದು ಸೀಳಿಕೊಂಡು ಹೋಗಬೇಕಲ್ಲ! ನಮ್ಮ ದೇಶದ ಬ್ಯಾಂಡ್ ವಾದ್ಯಗಳು ಬಹಳಷ್ಟು ತಯಾರಾಗೋದು ಉತ್ತರ ಪ್ರದೇಶದ ಮೀರತ್‌ನಲ್ಲಿ, ಅಲ್ಲಿನ ಜಲಿ ಕೋಠಿಯಲ್ಲಿ. ಬೆಲೆ ಕೈಗೆಟಕುತ್ತೆ. ಆದರೆ ಒಂದರ ಹಾಗೆ ಇನ್ನೊಂದು ಇರಲ್ಲ, ಊದಿ ನೋಡದೆ ತಗೋಬಾರದು ಅಂತ ಅಪ್ಪನೇ ಅಂದ್ರು. ಚಿಕ್ಕ ಕೊಳವೆ ಆದ್ದರಿಂದ ತೂತು ಕೂದಲೆಳೆಯಷ್ಟು ಆಚೀಚೆ ಆದರೂ ಶ್ರುತಿ ಕೆಡುತ್ತಂತೆ.

ಕೊನೆಗೆ ದಾರಿ ಸಿಕ್ಕಿದ್ದು ಕಡೂರಿನಲ್ಲಿ. ಅಪ್ಪನ ಜೊತೆ ಸೆಟ್ಟಿನಲ್ಲಿದ್ದ ಮಾವ ಒಬ್ಬರು ಉಸಿರಿನ ತೊಂದರೆಯಿಂದ ಊದೋದು ಬಿಟ್ಟಿದ್ದರು. ಅವರ ಹತ್ತಿರ ಎಬನೈಟಿನ ಇ ಫ್ಲ್ಯಾಟ್ ಇತ್ತು, ಅಪ್ಪನದೇ ಪದ್ಧತಿಯದು. ಇಬ್ಬರೂ ಹೋದೆವು.

ಅವತ್ತು ಅಪ್ಪ ಪರೀಕ್ಷೆ ಮಾಡಿದ ರೀತಿ ನೋಡಬೇಕಿತ್ತು. ಮೊದಲು ಬೆಳಕಿಗೆ ಹಿಡಿದು ಜೋಡಣೆಯ ಜಾಗದಲ್ಲಿ ಬಿರುಕು ಇದೆಯಾ ಅಂತ ನೋಡಿದರು. ಆಮೇಲೆ ಒಂದೊಂದೇ ತುಂಡು ಬಿಚ್ಚಿ, ತೂತುಗಳಿಗೆ ಬೆರಳು ಮುಚ್ಚಿ, ಕೆಳಗಿನ ಬಾಯಿಗೆ ಅಂಗೈ ಒತ್ತಿ, ಮೇಲಿನಿಂದ ಗಾಳಿ ಎಳೆದರು. ಪ್ಯಾಡುಗಳು ಸರಿ ಕೂತಿದ್ದರೆ ತುಂಡು ತುಟಿಗೆ ಕಚ್ಚಿಕೊಳ್ಳಬೇಕು. ಕೆಳಗಿನ ತುಂಡು ಕಚ್ಚಲಿಲ್ಲ. "ಎರಡು ಪ್ಯಾಡ್ ಹೋಗ್ಯಾವೆ" ಅಂದ್ರು. ಮೌತ್‌ಪೀಸ್ ಇ ಫ್ಲ್ಯಾಟಿನದೇ ಹೌದಾ ನೋಡಿದರು. ಅದಕ್ಕೆ ಬೇರೆ, ಚಿಕ್ಕ ರೀಡ್ ಬೇಕು, ಎಲ್ಲ ಅಂಗಡಿಯಲ್ಲೂ ಇಟ್ಟಿರಲ್ಲ. ಕೊನೆಗೆ ನನ್ನ ಫೋನಿನ ಶ್ರುತಿ ಆ್ಯಪ್ ಎರಡೂವರೆ ಮನೆಗೆ ಇಡಿಸಿ ಸ, ಪ, ಮೇಲಿನ ಸ ಉದ್ದಕ್ಕೆ ಊದಿದರು. ಪಂಚಮ ಕೊಂಚ ಏರಿತ್ತು, ತುಟಿ ಸಡಿಲಿಸಿ ಸರಿಮಾಡಿಕೊಂಡರು.

"ಆಗುತ್ತೆ, ಅಣ್ಣ" ಅಂದ್ರು ಮಾವ. "ಆಗುತ್ತೆ" ಅಂದ್ರು ಅಪ್ಪ.

ಮಾವ ಹೇಳಿದ್ದು 4,500. ನಾನು ಚೌಕಾಸಿಗೆ ಬಾಯಿ ತೆರೆಯೋಷ್ಟರಲ್ಲಿ ಅಪ್ಪ ಕಣ್ಣಲ್ಲೇ ತಡೆದರು. ಶಿವಮೊಗ್ಗದಲ್ಲಿ ಪ್ಯಾಡ್, ಕಾರ್ಕ್ ಬದಲಾಯಿಸೋಕೆ ಇನ್ನೊಂದು 1,200. ಮುಂದಿನ ಹಲ್ಲು ಅಲುಗಾಡ್ತಿವೆ ಅಂತ ಮೆದು ರೀಡ್ ತರಿಸಿಕೊಟ್ಟೆ.

ವಾಪಸ್ ಬರುವಾಗ ರೈಲಿನಲ್ಲಿ ಕೇಳಿದೆ, "ಅಪ್ಪ, ಬಿ ಫ್ಲ್ಯಾಟ್ ದನಿ ಎಷ್ಟು ಮೆತ್ತಗಿದೆ. ನಿಮಗೆ ಈ ಕೀರಲು ದನೀನೇ ಯಾಕೆ ಬೇಕು?"

"ಮೆತ್ತಗಿನದು ಕಛೇರಿಗೆ ಸರಿ ಕಣವ್ವ. ನಮ್ಮದು ಬೀದಿ. ಎಲ್ಲಿ ನಿಂತವರಿಗೂ ಕೇಳಬೇಕು." ಕಿಟಕಿ ಆಚೆ ನೋಡ್ತಾ ಸೇರಿಸಿದರು, "ತರೀಕೆರೇಲಿ ಜನರೇಟರ್ ಗಾಡಿ ಹಿಂದೆ ನಿಂತಿದ್ಯಲ್ಲ, ಅಲ್ಲಿಗೂ ಕೇಳ್ತಿತ್ತು ತಾನೆ?"

ಹದಿನೈದು ವರ್ಷ ಅವರು ಈ ಮಾತು ಎತ್ತಿರಲಿಲ್ಲ. ನಾನು ಹೂಂ ಅಂದೆ. ಬೇರೆ ಏನು ಹೇಳೋಕೂ ಗಂಟಲು ಬಿಡಲಿಲ್ಲ. ಬೀರೂರು ಬಂತು, ಅಪ್ಪ ಟೀ ಕೊಡಿಸಿದರು.

ಈಗ ಶನಿವಾರ ಸಂಜೆ ಆಂಜನೇಯನ ಗುಡಿಯ ಭಜನೆಯಲ್ಲಿ ಅಪ್ಪ ಊದ್ತಾರೆ. ಕೋಟಿಲ್ಲ, ಟೋಪಿಯಿಲ್ಲ, ಕೂಲಿಯೂ ಇಲ್ಲ. ಅರ್ಧ ಗಂಟೆ, ಅಷ್ಟೇ.

ನೀವೂ ಮನೆಯ ಹಿರಿಯರಿಗೆ ವಾದ್ಯ ಕೊಡಿಸೋದಿದ್ದರೆ ಫೋನಿನಲ್ಲಿ ಬೆಲೆ ನೋಡೋ ಮೊದಲು ಅವರ ಬೆರಳು ನೋಡಿ. ಯಾವ ಶ್ರುತಿ, ಯಾವ ಪದ್ಧತಿ ಅಂತ ಕೇಳಿ. ಜೊತೆಗೇ ಕರ್ಕೊಂಡು ಹೋಗಿ. ನಾನು ಮೊದಲೇ ಕೇಳಿದ್ದರೆ 8,500 ಉಳೀತಿತ್ತು.

ಪೂರ್ತಿ ದಂಡವೇನೂ ಆಗಿಲ್ಲ ಅನ್ನಿ. ಆ ಪ್ಲಾಸ್ಟಿಕ್ಕಿನದು ಈಗ ನನ್ನ ಬೆಂಗಳೂರಿನ ರೂಮಿನಲ್ಲಿದೆ. ಬೆರಳು ಎಲ್ಲಿಡಬೇಕು ಅಂತ ಯೂಟ್ಯೂಬ್ ಹೇಳಿಕೊಡುತ್ತೆ. ಉಸಿರು ಹೇಗೆ ಹಿಡಿಯಬೇಕು ಅಂತ ಭಾನುವಾರ ಅಪ್ಪ ಫೋನಿನಲ್ಲಿ ಹೇಳಿಕೊಡ್ತಾರೆ. ಅವರು ಎರಡೂವರೆ ಮನೆ, ನಾನು ಆರೂವರೆ. ಪಕ್ಕದ ಮನೆಯವರು ಇನ್ನೂ ಬೈದಿಲ್ಲ.