ಶನಿವಾರದ ಒಂದು ಪುಟ

ನಾನಿರುವುದು ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ. ದಿನವಿಡೀ ಕೋಡು, ಇಮೇಲು ಬರೆಯುತ್ತೇನೆ. ಕನ್ನಡದಲ್ಲಿ ಬರೆಯುತ್ತಿದ್ದದ್ದು ಮಾತ್ರ 'ಊಟ ಆಯ್ತು', 'ಮಲಗ್ತೀನಿ' ಅಷ್ಟೇ. ಬರೆಯುವ ಆಸೆಗೆ ವರ್ಷಕ್ಕೊಂದು ಡೈರಿ ಕೊಳ್ಳುತ್ತಿದ್ದೆ. ಜನವರಿ ಹತ್ತು ದಾಟಿದ ಡೈರಿ ಒಂದೂ ಇಲ್ಲ. ನಿಲ್ಲಿಸಿದರೆ ಕೇಳುವವರು ಯಾರಿದ್ದರು?

ಹೋದ ಯುಗಾದಿಗೆ ಊರಿಗೆ ಹೋದಾಗ ಅಪ್ಪನ ಬೀರುವಿನಲ್ಲಿ ಹಾ.ಮಾ. ನಾಯಕರ 'ಸಂಪ್ರತಿ' ಸಿಕ್ಕಿತು. ನಾಯಕರು ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಹಾರೋಗೊಳಿಗೆಯವರು. ಆ ಅಂಕಣ ಬರಹಗಳ ಪುಸ್ತಕಕ್ಕೆ 1989ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. "ಮನಸ್ಸು ಬಂದಾಗ ಬರೀತೀನಿ ಅಂದ್ರೆ ಅಂಕಣ ಆಗಲ್ಲ ಮಾರಾಯ. ಓದೋರು ಕಾಯ್ತಿರ್ತಾರೆ" ಅಂದರು ಅಪ್ಪ.

ವಾಪಸು ಬಂದವನೇ ಮನೆಮಂದಿಯ ವಾಟ್ಸಾಪ್ ಗ್ರೂಪಿನಲ್ಲಿ ಹೇಳಿಬಿಟ್ಟೆ: ಪ್ರತಿ ಶನಿವಾರ ರಾತ್ರಿ ಹತ್ತಕ್ಕೆ ಒಂದು ಪುಟ. ಒಂದೇ ಸಂಗತಿ. ಹೇಗಿದೆಯೋ ಹಾಗೆ ಕಳಿಸುವುದು.

ಮೊದಲ ವಾರ ರೈತು ಬಜಾರಿನಲ್ಲಿ ನಮ್ಮ ಬದನೆಕಾಯಿ 'ವಂಕಾಯ' ಆಗುವ ಕಥೆ ಬರೆದೆ. ಚಿಕ್ಕಮ್ಮ ನಕ್ಕರು. ಐದನೇ ವಾರ ಏನೂ ಹೊಳೆಯಲಿಲ್ಲ. ಗಂಟೆ ಒಂಬತ್ತೂವರೆ. ಬೇರೆ ದಾರಿಯಿಲ್ಲದೆ ಹುದ್‌ಹುದ್ ಚಂಡಮಾರುತದ ಬಗ್ಗೆ ಬರೆದೆ.

2014ರ ಅಕ್ಟೋಬರ್ 12, ಭಾನುವಾರ. ಕೆಲಸಕ್ಕೆ ಸೇರಿದ ಹೊಸತು. ಬಾಡಿಗೆ ರೂಮಿನ ಕಿಟಕಿ ಕಿತ್ತುಹೋಯಿತು. ಬಚ್ಚಲುಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಒಬ್ಬನೇ ಕೂತಿದ್ದೆ. ಗಾಳಿ ನಿಂತ ಮೇಲೆ ನೋಡಿದರೆ ರಸ್ತೆ ತುಂಬ ಬುಡಮೇಲಾದ ಮರಗಳು. ಕರೆಂಟಿಲ್ಲ, ಫೋನಿಲ್ಲ. ಮೂರನೇ ದಿನ ಲೈನ್ ಸಿಕ್ಕಾಗ ಅಮ್ಮನಿಗೆ "ಜೋರು ಗಾಳಿ, ಅಷ್ಟೇ" ಅಂದಿದ್ದೆ.

ಪುಟ ಕಳಿಸಿದ ಮರುದಿನ ಬೆಳಿಗ್ಗೆಯೇ ಅಮ್ಮನ ಫೋನು. "ಇದನ್ನ ಆಗ್ಲೇ ಯಾಕೆ ಹೇಳ್ಲಿಲ್ಲ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಮೂರು ದಿನ ತಮ್ಮ ಮನೆಯಲ್ಲಿ ಏನಾಯಿತೆಂದು ಹೇಳಿದಳು. ಅಪ್ಪ ಟೀವಿ ಬಿಟ್ಟು ಏಳಲಿಲ್ಲವಂತೆ. ಅಮ್ಮ ಎರಡು ಹೊತ್ತು ಒಲೆ ಹಚ್ಚಲಿಲ್ಲವಂತೆ. ನನ್ನ ಫೋನು ಬಂದಾಗ ಇಬ್ಬರೂ "ಇಲ್ಲಿ ಎಲ್ಲ ಆರಾಮು" ಅಂದಿದ್ದರು! ದಿನಾ ಮಾತಾಡುತ್ತಿದ್ದವರು ನಾವು. ಇಷ್ಟು ವರ್ಷ ಒಬ್ಬರಿಗೊಬ್ಬರು ಹೇಳಿರಲೇ ಇಲ್ಲ.

ಆಮೇಲೆ ಎರಡು ಶನಿವಾರ ತಪ್ಪಿದೆ. ಆಫೀಸಿನಲ್ಲಿ ರಿಲೀಸ್ ಇತ್ತು. ಎರಡು ಸಲವೂ ಹತ್ತೂಕಾಲಿಗೆ ಅಮ್ಮನ ಮೆಸೇಜು: "ಪುಟ ಎಲ್ಲಿ?"

ಬರೆಯಬೇಕು ಅಂದುಕೊಂಡಿರುವವರು ಡೈರಿ ಆಮೇಲೆ ಕೊಳ್ಳಿ. ಮೊದಲು ಹೀಗೆ ಕೇಳುವ ಒಬ್ಬರನ್ನು ಹುಡುಕಿಕೊಳ್ಳಿ.