ಮಾತ್ರೆಯ ಸ್ವಭಾವ

ದಮ್ಮಿನವರಿರುವ ಮನೆಯಲ್ಲಿ ಗಾಳಿಗಿಂತ ಸಲಹೆಗಳದೇ ಓಡಾಟ ಹೆಚ್ಚು. ನಮ್ಮ ಅಕ್ಕನಿಗೆ ಇಪ್ಪತ್ತು ವರ್ಷದಿಂದ ದಮ್ಮು. ಕಿಟಕಿ ತೆರೆ, ಕಿಟಕಿ ಮುಚ್ಚು, ಮೆಣಸಿನ ಕಷಾಯ ಕುಡಿ, ಮೊಸರು ಬಿಡು ಎಂದು ಬಂದವರೆಲ್ಲ ಹೇಳಿ ಹೋಗುತ್ತಾರೆ. ಅವಳು ನಗುನಗುತ್ತಲೇ ಕೇಳುತ್ತಾಳೆ. ಅವಳನ್ನು ನಿಜವಾಗಿ ನೋಯಿಸುವ ಸಲಹೆ ಒಂದೇ: “ಮನಸ್ಸು ಗಟ್ಟಿ ಮಾಡಿಕೋಮ್ಮ.”

ಕಳೆದ ಮಳೆಗಾಲದಲ್ಲಿ ಉಬ್ಬಸ ಏರಿದಾಗ ವೈದ್ಯರು ಪ್ರೆಡ್ನಿಸೊಲೋನ್ ಮಾತ್ರೆ ಕೊಟ್ಟರು. ಎರಡು ದಿನದಲ್ಲಿ ಎದೆ ಹಗುರಾಯಿತು. ನಿದ್ರೆ ಮಾತ್ರ ಹಾರಿಹೋಯಿತು. ನಡುರಾತ್ರಿ ಎದ್ದು ಅಡಿಗೆಮನೆಯ ಡಬ್ಬಿಗಳನ್ನೆಲ್ಲ ತೊಳೆದಿಟ್ಟಳು. ಬೆಳಗ್ಗೆ ಸಣ್ಣ ಮಾತಿಗೆ ಸಿಡುಕಿದಳು, ಸಂಜೆ ಕಾರಣವಿಲ್ಲದೆ ಅತ್ತಳು. ವಯಸ್ಸಾಯಿತು, ಸ್ವಭಾವ ಕೆಟ್ಟಿತು ಎಂದು ಬಂಧುಗಳು ತೀರ್ಪು ಕೊಟ್ಟರು. ವೈದ್ಯರು ಕೇಳಿ, “ಅದು ಮಾತ್ರೆಯ ಸ್ವಭಾವ” ಎಂದರು. ಬೆಳಗಿನ ತಿಂಡಿಯಾದ ಮೇಲೆ ಕೊಡಿ ಎಂದರು. ಮಾತ್ರೆಯ ಅವಧಿ ಮುಗಿಯಿತು. ಅಕ್ಕ ಮತ್ತೆ ಅಕ್ಕನಾದಳು.

ಎದೆಗೆ ಕೊಟ್ಟ ಮದ್ದು ಮನಸ್ಸಿನ ಬಾಗಿಲು ತಟ್ಟುವುದು ಹೊಸದಲ್ಲ. ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಐಪ್ರೊನಿಯಾಜಿಡ್ ಎಂಬ ಹೊಸ ಮದ್ದನ್ನು ಕೊಟ್ಟ ಸುದ್ದಿ 1952ರಲ್ಲಿ ಹೊರಬಿದ್ದಿತು. ಹಾಸಿಗೆ ಹಿಡಿದಿದ್ದವರು ಎದ್ದರು, ಹೊಟ್ಟೆತುಂಬ ಉಂಡರು, ವಾರ್ಡಿನಲ್ಲಿ ಕುಣಿದರು. ಗುಣವಾಗುವ ಸಂತೋಷ ಸ್ವಲ್ಪವಿದ್ದೀತು. ಆದರೆ ಮೆದುಳಿನಲ್ಲಿ ಉಲ್ಲಾಸಕ್ಕೆ ಸಂಬಂಧಪಟ್ಟ ಕೆಲವು ರಾಸಾಯನಿಕಗಳನ್ನು ಒಡೆಯುವ ಕಿಣ್ವವನ್ನೂ ಆ ಮದ್ದು ತಡೆಯುತ್ತಿತ್ತು. 1957ರಲ್ಲಿ ನೇಥನ್ ಕ್ಲೈನ್ ಮತ್ತು ಸಂಗಡಿಗರು ಅದನ್ನೇ ಖಿನ್ನರಾದವರಿಗೆ ಕೊಟ್ಟು ಫಲವನ್ನು ವರದಿ ಮಾಡಿದರು. ಖಿನ್ನತೆಯ ಮೊದಮೊದಲ ಮದ್ದುಗಳಲ್ಲೊಂದು ಹೀಗೆ ಕ್ಷಯದ ವಾರ್ಡಿನಿಂದ ಬಂದಿತು. ಯಕೃತ್ತಿಗೆ ಅಪಾಯವೆಂದು ಕಂಡು 1961ರಲ್ಲಿ ಅದನ್ನು ಅಮೆರಿಕದ ಪೇಟೆಯಿಂದ ತೆಗೆದರು. ಅಲ್ಲಿಯ ಔಷಧ ನಿಯಂತ್ರಣ ಸಂಸ್ಥೆಯೇ 2020ರಲ್ಲಿ, ದಮ್ಮಿಗೆ ಕೊಡುವ ಮಾಂಟೆಲುಕಾಸ್ಟ್ ಮಾತ್ರೆಯ ಮಾಹಿತಿಪತ್ರದಲ್ಲಿ, ಮನಸ್ಸಿನ ಮೇಲಾಗಬಹುದಾದ ಪರಿಣಾಮಗಳ ಬಗ್ಗೆ ಕಟ್ಟೆಚ್ಚರಿಕೆ ಸೇರಿಸಿತು.

ಹಾಗೆಂದು ಮದ್ದನ್ನು ದೂರುವಂತಿಲ್ಲ. ಆ ಮಾತ್ರೆಗಳಿಂದಲೇ ಎಷ್ಟೋ ಜನರ ಉಸಿರು ನಿಂತಿದೆ. ನಮ್ಮಷ್ಟಕ್ಕೆ ನಾವೇ ಬಿಡುವುದು ಅಪಾಯ. ಇನ್ನು, ಮೆಟ್ಟಿಲು ಹತ್ತಿದರೆ ಉಸಿರು ಸಿಕ್ಕದಿದ್ದವನಿಗೆ ಮದ್ದಿಲ್ಲದೆಯೂ ಭಯ, ಬೇಸರ ಬರಬಹುದು. ಯಾವುದು ರೋಗದ್ದು, ಯಾವುದು ಮಾತ್ರೆಯದು ಎಂದು ಬಿಡಿಸಿ ಹೇಳುವುದು ವೈದ್ಯರ ಕೆಲಸ. ಮನೆಯವರದು ಅದಕ್ಕಿಂತ ಚಿಕ್ಕದು: ಕಂಡದ್ದನ್ನು ಮರೆಮಾಚದೆ ವೈದ್ಯರಿಗೆ ತಿಳಿಸುವುದು, ಅಲ್ಲಿಯವರೆಗೆ, ಅಳುವವರಿಗೆ ಧೈರ್ಯದ ಪಾಠ ಹೇಳದೆ ಪಕ್ಕದಲ್ಲಿ ಸುಮ್ಮನೆ ಕುಳಿತಿರುವುದು.